ಬೊಟಿಕ್ ಬೋರ್ಡ್ ಅವಳದ್ದು, ಕರೆಂಟ್ ಬಿಲ್ ಮಾವನದ್ದು

ದಾವಣಗೆರೆಯಲ್ಲಿ ನನ್ನ ಅಕ್ಕ ಮನೆಯ ಮುಂದಿನ ಕೋಣೆಯಲ್ಲೇ ಬೊಟಿಕ್ ನಡೆಸ್ತಾಳೆ. ಬ್ಲೌಸ್, ಆರಿ ವರ್ಕ್, ಸೀರೆ ಕುಚ್ಚು, ಫಾಲ್ - ಮೊದಲಿಗೆ ಇಷ್ಟೇ ಇತ್ತು. ಆಮೇಲೆ ತಾಯಿ-ಮಗಳು ಒಂದೇ ಬಟ್ಟೆಯಲ್ಲಿ ತೊಡುವ ಸೆಟ್‌ಗಳನ್ನು ಹೊಲಿದು ಇನ್‌ಸ್ಟಾಗ್ರಾಮಿಗೆ ಹಾಕತೊಡಗಿದಳು. 2025ರ ಶ್ರಾವಣಕ್ಕೆ ಸ್ವಲ್ಪ ಮುಂಚೆ ಹೈದರಾಬಾದಿನ ಅಂಗಡಿಯೊಂದರಿಂದ ಮೆಸೇಜ್ ಬಂತು: ನಲವತ್ತು ಸೆಟ್ ಬೇಕು, ಜಿಎಸ್‌ಟಿ ನಂಬರ್ ಕಳಿಸಿ.

ನಂಬರ್ ಇರಲಿಲ್ಲ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಸಿದ್ಧ ಉಡುಪು ರಾಜ್ಯದ ಗಡಿ ದಾಟಿತೋ, ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಕಡ್ಡಾಯ. ಸರಿ, ಮಾಡಿಸೋಣ ಅಂತ ಹೊರಟರೆ ವ್ಯಾಪಾರದ ಸ್ಥಳಕ್ಕೆ ದಾಖಲೆ ಕೊಡಬೇಕು. ಮನೆ ಅವಳ ಮಾವನ ಹೆಸರಲ್ಲಿದೆ. ಕರೆಂಟ್ ಬಿಲ್ಲೂ ಅವರದ್ದೇ. ಅಂದರೆ ಮಾವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು.

ಮಾವ ಕೆಟ್ಟವರಲ್ಲ. ಆದರೆ ಅದೇ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸ್ ಹೋಗಿದ್ದವು. ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬರೆದು ಅಂಟಿಸಿದ್ದು ಟಿವಿಯಲ್ಲಿ ದಿನವಿಡೀ ಬರ್ತಿತ್ತು. 'ನಾಳೆ ಮನೆಗೇ ನೋಟಿಸ್ ಬಂದ್ರೆ ಏನ್ ಮಾಡೋದಮ್ಮ, ನೋಡೋಣ ತಡಿ' ಅಂದರು. ನೋಡ್ತಾ ನೋಡ್ತಾ ಶ್ರಾವಣ ಮುಗೀತು. ಆರ್ಡರ್ ಬೇರೆಯವರಿಗೆ ಹೋಯಿತು.

ಇದನ್ನು ಮನೆ ಜಗಳ ಅಂತ ನಾನು ಹೇಳ್ತಿಲ್ಲ. 'ಮಹಿಳಾ ಉದ್ಯಮಿ' ಅನ್ನೋ ಪದವನ್ನು ಸರ್ಕಾರಗಳು ಭಾಷಣದಲ್ಲಿ ಎಷ್ಟು ಸಲೀಸಾಗಿ ಬಳಸುತ್ತವೆ, ಕಾಗದದಲ್ಲಿ ಅದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನೋದಕ್ಕೆ ಇದೊಂದು ಉದಾಹರಣೆ. ನಮ್ಮ ನೀತಿಗಳು ಹೆಣ್ಣಿನ ಕೈಗೆ ಸಾಲ ಕೊಡುತ್ತವೆ, ಟೈಲರಿಂಗ್ ತರಬೇತಿ ಕೊಡುತ್ತವೆ. ಆದರೆ ಉದ್ಯಮ ನಿಲ್ಲೋದಕ್ಕೆ ಅವಳ ಹೆಸರಲ್ಲಿ ಒಂದು ಜಾಗ, ಅವಳಿಗೊಂದು ಮಾರುಕಟ್ಟೆ ಬೇಕು. ಆ ಎರಡರ ಬಗ್ಗೆ ಮಾತೇ ಇಲ್ಲ.

ಫ್ಯಾಷನ್ ಉದ್ಯಮದ ಹೆಣ್ಣುಮಕ್ಕಳ ಕಥೆ ಅಂದರೆ ನಮಗೆ ಕೇಳಿಸೋದು ದೊಡ್ಡ ಹೆಸರುಗಳು. ನೈಕಾ ಕಟ್ಟಿದ ಫಲ್ಗುಣಿ ನಾಯರ್, 2011ರಲ್ಲಿ ಬೆಂಗಳೂರಿನಿಂದ ಜಿವಾಮೆ ಶುರು ಮಾಡಿದ ರಿಚಾ ಕರ್. ಅವರ ಸಾಧನೆ ಕಡಿಮೆಯದ್ದೇನಲ್ಲ. ಒಳ ಉಡುಪನ್ನು ಗಂಡಸರ ಕೌಂಟರಿನ ಮುಂದೆ ಮುಜುಗರಪಡದೆ ಕೊಳ್ಳೋ ದಾರಿ ತೆರೆದದ್ದೇ ದೊಡ್ಡ ಮಾತು. ಆದರೆ ನಾಯರ್ ಹೂಡಿಕೆ ಬ್ಯಾಂಕಿಂಗ್‌ನಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ಅವರ ಕಥೆಯನ್ನು ತೋರಿಸಿ ದಾವಣಗೆರೆಯ ಅಕ್ಕನಿಗೆ 'ನೀವೂ ಕನಸು ಕಾಣಿ' ಅನ್ನೋದು ಸುಲಭ.

ಅಂಕಿಅಂಶ ಬೇರೆಯದೇ ಚಿತ್ರ ಕೊಡುತ್ತದೆ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ 2024ರ ಜನವರಿ ಅಂತ್ಯದವರೆಗೆ ನೋಂದಾಯಿತ ಘಟಕಗಳಲ್ಲಿ ಮಹಿಳೆಯರ ಒಡೆತನದವು ಸುಮಾರು ಶೇ. 20. ಒಟ್ಟು ಹೂಡಿಕೆಯಲ್ಲಿ ಅವರ ಪಾಲು ಶೇ. 11ರ ಆಸುಪಾಸು, ವಹಿವಾಟಿನಲ್ಲಿ ಬರೀ ಶೇ. 10. ಆದರೆ ಸೃಷ್ಟಿಯಾದ ಉದ್ಯೋಗದಲ್ಲಿ ಸುಮಾರು ಶೇ. 19. ಅಂದರೆ ಕಡಿಮೆ ಬಂಡವಾಳದಲ್ಲಿ ಹೆಚ್ಚು ಜನಕ್ಕೆ ಕೆಲಸ ಕೊಡ್ತಿದ್ದಾರೆ. ಕಾಗದಪತ್ರವಿಲ್ಲದ ಅತಿಸಣ್ಣ ಘಟಕಗಳಿಗಾಗಿ ಇರುವ ಉದ್ಯಮ್ ಅಸಿಸ್ಟ್‌ನಲ್ಲಿ ಮಹಿಳೆಯರ ಪಾಲು ಏಕಾಏಕಿ ಶೇ. 70ಕ್ಕೆ ಜಿಗಿಯುತ್ತದೆ. ಏಣಿಯ ಕೆಳಗಿನ ಮೆಟ್ಟಿಲ ತುಂಬ ಹೆಂಗಸರೇ.

ಮುದ್ರಾ ಯೋಜನೆಯ ಹೆಮ್ಮೆಯೂ ಇದೇ ಅಲ್ವಾ? 2015ರಿಂದ ಹತ್ತು ವರ್ಷದಲ್ಲಿ 52 ಕೋಟಿಗೂ ಹೆಚ್ಚು ಸಾಲ, ಅದರಲ್ಲಿ ಶೇ. 68ರಷ್ಟು ಮಹಿಳೆಯರಿಗೆ. ಕೇಳೋಕೆ ಚೆನ್ನಾಗಿದೆ. ಆದರೆ ಮುದ್ರಾ ಸಾಲಗಳಲ್ಲಿ ಬಹುಪಾಲು 50 ಸಾವಿರದೊಳಗಿನ 'ಶಿಶು' ಸಾಲಗಳು. ಒಂದು ಜೂಕಿ ಮೆಷಿನ್, ಒಂದು ಓವರ್‌ಲಾಕ್, ಒಂದಿಷ್ಟು ಬಟ್ಟೆ ಕೊಳ್ಳುವಷ್ಟರಲ್ಲಿ ಮುಗೀತು. ಮದುವೆ ಸೀಸನ್ನಿಗೆ ಮುಂಚೆ ಲೈನಿಂಗ್, ಜರಿ, ಮಣಿ ತಂದಿಟ್ಟುಕೊಳ್ಳೋಕೆ, ಗಿರಾಕಿ ದುಡ್ಡು ಕೊಡೋವರೆಗೆ ಹೆಲ್ಪರ್‌ಗಳ ಕೂಲಿ ಕೊಡೋಕೆ ಬೇಕಾದ ಹಣ ಎಲ್ಲಿಂದ? ದೊಡ್ಡ ಸಾಲ ಕೇಳೋಕೆ ಅಕ್ಕ ಬ್ಯಾಂಕಿಗೆ ಹೋದಾಗ ಸಿಕ್ಕ ಉತ್ತರ: 'ನಿಮ್ಮ ಯಜಮಾನರನ್ನ ಕರ್ಕೊಂಡು ಬನ್ನಿ.'

ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆ ಹೆಣ್ಣನ್ನು 'ಮನೆ ಯಜಮಾನಿ' ಅಂತ ಕರೆಯುತ್ತದೆ. ಅಕ್ಕನ ಮನೆಯಲ್ಲಿ ಆ 2,000 ರೂಪಾಯಿ ಬರೋದು ಅವಳ ಅತ್ತೆಗೆ. ಆರು ಕಂತು ಕೂಡಿಟ್ಟು ಸೊಸೆಗೆ ಪಿಕೋ ಮೆಷಿನ್ ಕೊಡಿಸಿದ್ದು ಆ ಅತ್ತೆಯೇ. ಗ್ಯಾರಂಟಿಗಳಿಂದ ಹೆಂಗಸರು ಸೋಮಾರಿಗಳಾಗ್ತಾರೆ ಅನ್ನೋರು ಆ ಮೆಷಿನ್ ಸದ್ದು ಒಮ್ಮೆ ಕೇಳಬೇಕು. ಹೆಂಗಸರ ಕೈಗೆ ನೇರವಾಗಿ ದುಡ್ಡು ಬಂದರೆ ಅದು ಬಂಡವಾಳವೂ ಆಗುತ್ತೆ. ಆದರೆ ಆ ಬಂಡವಾಳ ಮೆಷಿನ್‌ವರೆಗೆ ಬಂದು ನಿಂತುಬಿಡುತ್ತೆ. ಅಲ್ಲಿಂದ ಮುಂದಕ್ಕೆ ಕರೆದೊಯ್ಯುವ ದಾರಿ ಇಲ್ಲ.

ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ಅಕ್ಕನ ಬಳಿ ಇಬ್ಬರು ಹೆಲ್ಪರ್‌ಗಳಿದ್ದಾರೆ. ಒಬ್ಬಾಕೆ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಏಳು ವರ್ಷ ಟೈಲರ್ ಆಗಿದ್ದು ವಾಪಸ್ ಬಂದವರು. ಅಲ್ಲಿ ಟಾರ್ಗೆಟ್ ಇತ್ತು, ಬೈಗುಳ ಇತ್ತು, ಜೊತೆಗೆ ಪಿಎಫ್, ಇಎಸ್ಐ ಕೂಡ ಇತ್ತು. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಿಸಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದು ಕೇಂದ್ರ ಸರ್ಕಾರ ಆ ಆದೇಶವನ್ನೇ ವಾಪಸ್ ಪಡೆಯುವಂತೆ ಮಾಡಿದ್ದು ನೆನಪಿದೆಯಾ? ಇಲ್ಲಿ ಪೀಸ್ ಲೆಕ್ಕದ ಕೂಲಿ. ಜ್ವರ ಬಂದ ದಿನ ಕೂಲಿ ಇಲ್ಲ. ಅಕ್ಕನಿಗೂ ಇಲ್ಲ, ಅದು ಬೇರೆ ಮಾತು. 'ಕೆಲಸ ಕೇಳುವವರಲ್ಲ, ಕೆಲಸ ಕೊಡುವವರಾಗಿ' ಅನ್ನೋ ಘೋಷಣೆಯ ಹಿಂದೆ ಇಂಥ ಜಾಗಗಳಿವೆ. ಹೆಂಗಸರ ಸ್ವಉದ್ಯೋಗ 2017-18ರಲ್ಲಿ ಶೇ. 51.9 ಇದ್ದದ್ದು 2023-24ರಲ್ಲಿ ಶೇ. 67.4ಕ್ಕೆ ಏರಿದೆ ಅನ್ನುತ್ತದೆ ಕೇಂದ್ರದ ಕಾರ್ಮಿಕ ಸಮೀಕ್ಷೆ. ಅದೇ ಸಮೀಕ್ಷೆಯ ಪ್ರಕಾರ, ದುಡಿಯುವ ಹೆಂಗಸರಲ್ಲಿ ಶೇ. 36.7 ಜನ ಮನೆಯ ಉದ್ಯಮ, ಹೊಲಗಳಲ್ಲಿ ಸಂಬಳವಿಲ್ಲದ ಸಹಾಯಕರು. ಸ್ವಉದ್ಯೋಗ ಅನ್ನೋದೆಲ್ಲ ಉದ್ಯಮಶೀಲತೆ ಅಲ್ಲ. ಬಹಳ ಸಲ ಅದು ಬೇರೆ ಕೆಲಸ ಸಿಗದ್ದರ ಇನ್ನೊಂದು ಹೆಸರು.

ಹಾಗಾದರೆ ಏನು ಮಾಡಬಹುದು? ನನ್ನ ಪ್ರಕಾರ ಮೂರು ಕೆಲಸ, ಮೂರೂ ಸರ್ಕಾರದ ಕೈಯಲ್ಲೇ ಇವೆ.

ಮೊದಲನೆಯದು ಜಾಗ. ಪಾಲಿಕೆ, ಪುರಸಭೆಗಳ ಮಳಿಗೆಗಳಲ್ಲಿ ಒಂದಿಷ್ಟನ್ನು ಹೊಲಿಗೆ, ಕಸೂತಿ ಮಾಡುವ ಹೆಂಗಸರಿಗೆ ಹಂಚಿಕೊಂಡು ಬಳಸೋ ಕೆಲಸದ ಜಾಗವಾಗಿ ಕೊಡಲಿ. ಜಿಎಸ್‌ಟಿಗೂ ಬ್ಯಾಂಕಿಗೂ ಅದೇ ವಿಳಾಸ ಸಾಕು ಅಂತಾಗಲಿ. ಆಗ ಯಾವ ಮಾವನ ಸಹಿಗೂ ಕಾಯಬೇಕಿಲ್ಲ.

ಎರಡನೆಯದು ಗಡಿ. 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರು ಆನ್‌ಲೈನ್ ಮಾರಾಟ ತಾಣಗಳಲ್ಲಿ ಮಾರಬಹುದು, ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಶೇ. 1ರ ಕಾಂಪೊಸಿಷನ್ ಯೋಜನೆಗೆ ಸೇರಿದವರೂ ಹೊರರಾಜ್ಯಕ್ಕೆ ಮಾರುವಂತಿಲ್ಲ. 'ಒಂದು ದೇಶ, ಒಂದು ತೆರಿಗೆ' ಅಂದ ಮೇಲೆ ಈ ಬೇಲಿ ಯಾಕೆ? ಸಣ್ಣವರಿಗೆ ಒಂದು ಮಿತಿಯವರೆಗಾದರೂ ತೆಗೆಯಬಹುದು. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕ ಇದನ್ನು ಎತ್ತಲಿ.

ಮೂರನೆಯದು ಆರ್ಡರ್. ಕೇಂದ್ರದ ಇಲಾಖೆಗಳು ತಮ್ಮ ಖರೀದಿಯ ಶೇ. 3ನ್ನು ಮಹಿಳೆಯರ ಸಣ್ಣ ಉದ್ಯಮಗಳಿಂದ ಮಾಡಬೇಕು ಅನ್ನೋ ನಿಯಮ ಇದೆ. ನಮ್ಮಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಕೊಟ್ಟು, ಹೊಲಿಗೆಯ ಖರ್ಚನ್ನು ಪೋಷಕರ ಮೇಲೆ ಬಿಡುವ ರೂಢಿ ಇದೆ. ಪಕ್ಕದ ತೆಲಂಗಾಣ 2024ರಲ್ಲಿ ಶಾಲಾ ಸಮವಸ್ತ್ರ ಹೊಲಿಯೋ ಕೆಲಸವನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸಿತು. ಊರಿನ ಮಕ್ಕಳ ಬಟ್ಟೆಯನ್ನು ಊರಿನ ಹೆಂಗಸರಿಗೆ ನ್ಯಾಯವಾದ ದರದಲ್ಲಿ ಕೊಡಿ. ವರ್ಷಕ್ಕೊಮ್ಮೆ ಖಚಿತವಾದ ಆರ್ಡರ್ ಇದ್ದರೆ ಹೆಲ್ಪರ್‌ಗೂ ಖಚಿತವಾದ ಕೂಲಿ ಕೇಳುವ ಹಕ್ಕು ಬರುತ್ತದೆ.

ಅಕ್ಕನ ಮಾವ ಕೊನೆಗೆ ಸಹಿ ಹಾಕಿದರು. ಈಗ ಗೋಡೆ ಮೇಲೆ ಅವಳ ಹೆಸರಿನ ಜಿಎಸ್‌ಟಿ ಸರ್ಟಿಫಿಕೇಟ್ ತೂಗುತ್ತಿದೆ. ಮೊನ್ನೆ ಫೋನಿನಲ್ಲಿ ಹೇಳಿದಳು, 'ಅವರು ಒಳ್ಳೆಯವರು, ಹಾಕಿದ್ರು ಕಣೇ. ಒಳ್ಳೆಯವರಲ್ದಿದ್ರೆ?'

ಒಂದು ಹೆಣ್ಣಿನ ಉದ್ಯಮ ಮನೆಯವರ ಒಳ್ಳೆತನದ ಮೇಲೆ ನಿಂತಿರಬಾರದು. ಹಕ್ಕಿನ ಮೇಲೆ ನಿಲ್ಲಬೇಕು.