ಗೂಗಲ್ ಫಾರ್ಮಿನಲ್ಲಿ ಮಂಡಿಪೇಟೆ ಹಿಡಿಯಲಿಲ್ಲ

‘ನಮ್ಮ ನಗರದ ಮುಖ್ಯ ಪೇಟೆ ಸುಧಾರಿಸಬೇಕೇ? ಐದು ನಿಮಿಷ ಬಿಡುವು ಮಾಡಿಕೊಂಡು ಈ ಫಾರ್ಮ್ ತುಂಬಿ.’ ಇಂಥದ್ದೊಂದು ಲಿಂಕ್ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ದಾವಣಗೆರೆಯವರಾಗಿದ್ದರೆ ಅದನ್ನು ಕಳಿಸಿದವರಲ್ಲಿ ನಾನೂ ಒಬ್ಬ. ತುಂಬಿದವರಿಗೆ ಥ್ಯಾಂಕ್ಸ್. ಆದರೆ ಆ ಉತ್ತರಗಳನ್ನೆಲ್ಲ ನಾವು ಪಕ್ಕಕ್ಕಿಡಬೇಕಾಯಿತು. ತಪ್ಪು ನಿಮ್ಮದಲ್ಲ, ನಮ್ಮದು.

ನಾನು ಸಿವಿಲ್ ಬಿ.ಇ. ಆರನೇ ಸೆಮಿಸ್ಟರ್ ವಿದ್ಯಾರ್ಥಿ. ಮಿನಿ ಪ್ರಾಜೆಕ್ಟಿಗೆ ಮೂವರು ಹುಡುಗರು, ಒಬ್ಬಳು ಹುಡುಗಿ ಸೇರಿ ಮಂಡಿಪೇಟೆ, ಚೌಕಿಪೇಟೆ, ಅಶೋಕ ರಸ್ತೆಯ ಭಾಗವನ್ನು ಆರಿಸಿಕೊಂಡಿದ್ದೆವು. ಅಲ್ಲಿ ಏನು ಬದಲಾಗಬೇಕು ಎಂದು ಜನರನ್ನೇ ಕೇಳೋಣ, ಅದರ ಆಧಾರದ ಮೇಲೆ ಡ್ರಾಯಿಂಗ್ ಮಾಡೋಣ ಎಂಬುದು ಐಡಿಯಾ. ಹಾಸ್ಟೆಲಿನಲ್ಲಿ ಒಂದು ರಾತ್ರಿ ಕೂತು ಇಪ್ಪತ್ತೆರಡು ಪ್ರಶ್ನೆ ಬರೆದೆವು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಫೋನಿನ ಅನುವಾದದಲ್ಲಿ ಕನ್ನಡಕ್ಕೆ. ಎರಡೇ ದಿನದಲ್ಲಿ ನೂರಕ್ಕೂ ಹೆಚ್ಚು ಉತ್ತರ ಬಂದವು. ಬಣ್ಣ ಬಣ್ಣದ ಪೈ ಚಾರ್ಟುಗಳು ತಾವಾಗಿಯೇ ತಯಾರಾದವು. ಪ್ರಾಜೆಕ್ಟ್ ಅರ್ಧ ಮುಗಿದೇ ಹೋಯಿತು ಎಂದುಕೊಂಡೆವು.

ಗೈಡ್ ಮೇಡಂ ಚಾರ್ಟುಗಳನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇದರಲ್ಲಿ ಎಷ್ಟು ಜನ ವಾರಕ್ಕೊಂದು ಸಲವಾದರೂ ಮಂಡಿಪೇಟೆಗೆ ಹೋಗ್ತಾರೆ?’

ನಾವು ಅದನ್ನು ಕೇಳಿಯೇ ಇರಲಿಲ್ಲ. ಹಿಂದಿರುಗಿ ಹೆಸರುಗಳನ್ನು ನೋಡಿದರೆ ಬಹುಪಾಲು ನಮ್ಮ ಕ್ಲಾಸಿನವರು, ಅವರ ಅಕ್ಕ ತಂಗಿಯರು, ನನ್ನ ಹೈಸ್ಕೂಲ್ ಗ್ರೂಪಿನವರು. ಹೆಚ್ಚಿನವರ ಮನೆ ಹೊಸ ಬಡಾವಣೆಗಳಲ್ಲಿ. ಪೇಟೆಗೆ ಹೋಗುವುದು ಹಬ್ಬಕ್ಕೋ ಮದುವೆಗೋ. ಅಂದರೆ ನಾವು ಪೇಟೆಯ ಬಗ್ಗೆ ಕೇಳಿದ್ದು ಪೇಟೆಯಲ್ಲಿ ಇಲ್ಲದವರನ್ನು.

ಸರಿ, ಪ್ರಿಂಟ್ ತೆಗೆದುಕೊಂಡು ನಾವೇ ಹೋಗೋಣ ಎಂದು ಒಂದು ಸೋಮವಾರ ಬೆಳಿಗ್ಗೆ ಹೊರಟೆವು. ಮೊದಲ ಪ್ರಶ್ನೆಯಲ್ಲೇ ಎಡವಿದೆವು. ‘ನಿಮ್ಮ ವಾರ್ಡ್ ಯಾವುದು?’ ನಮ್ಮ ಪಾಲಿಕೆಯ 45 ವಾರ್ಡುಗಳ ಪಟ್ಟಿ ಕೊಟ್ಟು, ಕಡ್ಡಾಯ ಎಂದು ಕೆಂಪು ಚುಕ್ಕೆ ಹಾಕಿದ್ದೆವು. ಎಣ್ಣೆ ಡಬ್ಬ, ಹಗ್ಗ ಹಿಡಿದು ನಿಂತಿದ್ದವರೊಬ್ಬರು ನಕ್ಕು, ‘ನಂದು ಜಗಳೂರು ಕಡೆ ಹಳ್ಳಿ, ಯಾವ ವಾರ್ಡ್ ಬರಕೊಳ್ತೀಯಪ್ಪ?’ ಎಂದರು. ಜಗಳೂರು, ಚನ್ನಗಿರಿ, ಹರಪನಹಳ್ಳಿ ಕಡೆಯಿಂದ ಬರುವವರನ್ನು ಬಿಟ್ಟರೆ ಈ ಪೇಟೆಯಲ್ಲಿ ಉಳಿಯುವುದೇನು? ‘ನಿವಾಸಿಗಳ ಸಮೀಕ್ಷೆ’ ಎಂಬ ಹೆಸರೇ ಅವರನ್ನು ಹೊರಗಿಟ್ಟಿತ್ತು. ಬೆಳಗಿನ ಜಾವ ಲಾರಿಯಿಂದ ಮೂಟೆ ಇಳಿಸುವ ಹಮಾಲರು ಇಲ್ಲಿ ಮನೆ ಮಾಡಿಲ್ಲದಿರಬಹುದು, ಆದರೆ ಈ ರಸ್ತೆಯ ಒಂದೊಂದು ಗುಂಡಿಯೂ ಅವರ ಕಾಲಿಗೆ ಗೊತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಚೌಕಿಪೇಟೆ ತಿರುವಿನಲ್ಲಿ ಕಾದಿತ್ತು. ಅಲ್ಲಿ ಬುಟ್ಟಿಯಿಟ್ಟು ಹೂ ಮಾರುವ ಅಜ್ಜಿಯೊಬ್ಬರು ‘ಏನೋ ಬರಕೊಳ್ತಿದೀರಲ್ಲ, ನನಗೂ ಓದಿ ಹೇಳು’ ಎಂದರು. ಓದುತ್ತಾ ಹೋದೆ. ಒಂಬತ್ತನೇ ಪ್ರಶ್ನೆ ಬಂತು: ‘ಬೀದಿ ವ್ಯಾಪಾರಿಗಳ ಒತ್ತುವರಿಯಿಂದ ನಿಮಗೆ ಎಷ್ಟರ ಮಟ್ಟಿಗೆ ತೊಂದರೆಯಾಗುತ್ತಿದೆ? ಬಹಳ, ಸ್ವಲ್ಪ, ಇಲ್ಲ.’ ಅರ್ಧಕ್ಕೆ ನನ್ನ ದನಿ ಇಳಿಯಿತು. ಅಜ್ಜಿಗೆ ಸಿಟ್ಟೇನೂ ಬರಲಿಲ್ಲ. ‘ನನ್ನ ತೆಗೀಬೇಕೋ ಬ್ಯಾಡೋ ಅಂತ ನನ್ನನ್ನೇ ಕೇಳಾಕ್ ಬಂದೀಯಲ್ಲ ತಮ್ಮಾ’ ಎಂದು ಮೊಳ ಹಾಕುವುದನ್ನು ಮುಂದುವರಿಸಿದರು.

ಆ ಪ್ರಶ್ನೆ ಬರೆದವನು ನಾನೇ. ಯಾರ ಮೇಲೂ ದ್ವೇಷವಿಟ್ಟು ಬರೆದಿರಲಿಲ್ಲ. ಸುದ್ದಿಯಲ್ಲಿ ಆ ಪದ ಓದಿ ಓದಿ ಬೆರಳಿಗೆ ಅಂಟಿತ್ತು ಅಷ್ಟೆ. ‘ಒತ್ತುವರಿ’ ಎಂದು ಬರೆದ ಮೇಲೆ ಉತ್ತರ ಕೊಡುವವರಿಗೆ ಉಳಿಯುವುದು ಅಳತೆ ಮಾತ್ರ. ತಪ್ಪಿತಸ್ಥರು ಯಾರೆಂದು ಪ್ರಶ್ನೆಯೇ ತೀರ್ಮಾನಿಸಿಬಿಟ್ಟಿದೆ. ಇಂಥ ನೂರು ಉತ್ತರಗಳನ್ನು ಕೂಡಿಸಿ ‘ಶೇಕಡಾ ಇಷ್ಟು ಜನರಿಗೆ ಬೀದಿ ವ್ಯಾಪಾರಿಗಳಿಂದ ತೊಂದರೆ’ ಎಂದು ವರದಿ ಬರೆದರೆ ಅದು ಜನಾಭಿಪ್ರಾಯ ಎನಿಸಿಕೊಳ್ಳುತ್ತದೆ. ಆ ಕಾಗದ ಯಾರ ಟೇಬಲ್ಲಿಗೆ ಹೋಗುತ್ತದೋ, ಅಜ್ಜಿಯ ಬುಟ್ಟಿ ಎಲ್ಲಿಗೆ ಹೋಗುತ್ತದೋ ಹೇಳಬರುವುದಿಲ್ಲ.

ಮನೆಗೆ ಬಂದು ಬೀದಿ ವ್ಯಾಪಾರಿಗಳ 2014ರ ಕಾಯ್ದೆಯನ್ನು ಓದಿದೆ. ಸಿಲೆಬಸ್ಸಿನಲ್ಲಿ ಅದು ನಮಗೆ ಎಲ್ಲೂ ಬಂದಿರಲಿಲ್ಲ. ವ್ಯಾಪಾರಿಗಳ ಸಮೀಕ್ಷೆಯನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ನಡೆಸಬೇಕು, ಆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ ಅದು. ಟೌನ್ ವೆಂಡಿಂಗ್ ಕಮಿಟಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಎಣಿಕೆಯಲ್ಲಿ ಸೇರುವುದೇ ಅವರಿಗೆ ರಕ್ಷಣೆ ಎಂದು ಕಾನೂನು ಮಾಡಿದ್ದಾರೆ. ಫುಟ್‌ಪಾತಿನ ಅಗಲ, ಇಳಿಜಾರು ಎಲ್ಲ ಕಲಿತಿದ್ದ ನಾವು ಅದರ ಮೇಲೆ ಕೂತವರನ್ನು ‘ಅಡ್ಡಿ’ ಎಂದು ಬರೆದುಕೊಂಡು ಹೋಗಿದ್ದೆವು.

ಇನ್ನೊಂದು ವಿಷಯ ಹೇಳಲು ನನಗೆ ಸ್ವಲ್ಪ ನಾಚಿಕೆ. ‘ಪೇಟೆಗೆ ತುರ್ತಾಗಿ ಏನು ಬೇಕು?’ ಎಂದು ಕೇಳಿ ಎಂಟು ಆಯ್ಕೆ ಕೊಟ್ಟಿದ್ದೆವು. ಪಾರ್ಕಿಂಗ್, ಬೀದಿದೀಪ, ಸಿಸಿ ಟಿವಿ, ಉಚಿತ ವೈಫೈ ಕೂಡ ಇತ್ತು. ಶೌಚಾಲಯ ಇರಲಿಲ್ಲ. ‘ಇತರೆ’ ಎಂಬ ಖಾಲಿ ಜಾಗದಲ್ಲಿ ಒಬ್ಬರೂ ಅದನ್ನು ಬರೆಯಲಿಲ್ಲ. ಆನ್‌ಲೈನ್ ಉತ್ತರ ನೋಡಿ ಅದು ಸಮಸ್ಯೆಯೇ ಅಲ್ಲ ಎಂದುಕೊಂಡಿದ್ದೆವು. ಬಟ್ಟೆ ಅಂಗಡಿಯೊಂದರ ಸೇಲ್ಸ್ ಹುಡುಗಿಯರನ್ನು ಮಾತಾಡಿಸುವಾಗ ನಮ್ಮ ತಂಡದ ಗೆಳತಿ ‘ನೀವು ಮೂರೂ ಜನ ಟೀ ಕುಡಿದು ಬನ್ನಿ’ ಎಂದು ನಮ್ಮನ್ನು ಓಡಿಸಿದಳು. ವಾಪಸು ಬಂದಾಗ ಅವಳ ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿತ್ತು. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರುವವರು, ಎಲ್ಲಿಗೆ ಹೋಗಬೇಕೆಂಬ ಚಿಂತೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದಾರೆ. ಮೂವರು ಹುಡುಗರು ಪೆನ್ನು ಹಿಡಿದು ಎದುರು ನಿಂತರೆ ಇದನ್ನು ಯಾರು ಹೇಳುತ್ತಾರೆ? ಆಯ್ಕೆಗಳ ಪಟ್ಟಿ ಬರೆದ ರಾತ್ರಿ ಅವಳು ಲೇಡೀಸ್ ಹಾಸ್ಟೆಲಿನಲ್ಲಿದ್ದಳು, ನಾವು ಮೂವರೇ ಬರೆದಿದ್ದೆವು.

ವಿಷಯ ನಮ್ಮ ಮಿನಿ ಪ್ರಾಜೆಕ್ಟಿನಷ್ಟು ಮಿನಿಯಲ್ಲ. ದಾವಣಗೆರೆ 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ 20 ನಗರಗಳಲ್ಲಿ ಒಂದು. ಕೇಂದ್ರದ ಸುಗಮ ಜೀವನ ಸೂಚ್ಯಂಕ 2020ರಲ್ಲಿ 111 ನಗರಗಳ 32 ಲಕ್ಷಕ್ಕೂ ಹೆಚ್ಚು ಜನರ ಅಭಿಪ್ರಾಯ ಪಡೆದರು, ಒಟ್ಟು ಅಂಕದಲ್ಲಿ ಅದಕ್ಕೆ ಶೇ 30 ತೂಕ ಕೊಟ್ಟರು. ಜನಾಭಿಪ್ರಾಯದ ಅಂಕದಲ್ಲಿ ಭುವನೇಶ್ವರ, ಸಿಲ್ವಾಸಾ ನಂತರ ನಮ್ಮೂರಿನದೇ ಹೆಸರು. ನನಗೂ ಹೆಮ್ಮೆಯೇ. ಆದರೆ ಆ ಅಂಕದಲ್ಲಿ ಪೇಟೆಯ ಹಮಾಲರು ಎಷ್ಟು ಜನ, ಹೂವಿನವರು ಎಷ್ಟು ಜನ ಎಂದು ಈಗ ಕೇಳಬೇಕೆನಿಸುತ್ತದೆ.

ಎಲ್ಲರನ್ನೂ ಕೇಳಲಾಗುವುದಿಲ್ಲ, ಒಪ್ಪಿದೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತಾರಲ್ಲ. ಆದರೆ ಪೇಟೆ ಒಂದೇ ಪಾತ್ರೆಯ ಅನ್ನವಲ್ಲ. ಬೆಳಗಿನ ಐದಕ್ಕೆ ಬರುವವರು ಬೇರೆ, ಹನ್ನೊಂದಕ್ಕೆ ಬರುವವರು ಬೇರೆ, ರಾತ್ರಿ ಷಟರ್ ಎಳೆದು ಹೋಗುವವರು ಬೇರೆ. ನಮ್ಮ ಅಗುಳೆಲ್ಲ ಮೇಲಿನ ಪದರದ್ದು.

ಇನ್ನು ಅಂಗಡಿ ಮಾಲೀಕರ ವಿಷಯ. ಅವರು ಹೇಳಿದ್ದು ಬಹುತೇಕ ಒಂದೇ: ‘ಪಾರ್ಕಿಂಗ್ ಮಾಡಿಕೊಡಿ. ಕಾರ್ ನಿಲ್ಲಿಸಾಕೆ ಜಾಗ ಇಲ್ಲ ಅಂತ ಗಿರಾಕಿ ಬರ್ತಿಲ್ಲ.’ ನಾವೂ ನಂಬಿದ್ದೆವು. ಮೇಡಂ ಹೇಳಿ ಓದಿಸಿದ ಮೇಲೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ 2006ರ ಅಧ್ಯಯನ ಸಿಕ್ಕಿತು. ನಿಮ್ಮ ಗಿರಾಕಿಗಳಲ್ಲಿ ಎಷ್ಟು ಜನ ಕಾರಿನಲ್ಲಿ ಬರುತ್ತಾರೆ ಎಂದು ಅಲ್ಲಿನ ಅಂಗಡಿಯವರನ್ನು ಕೇಳಿದರೆ ಶೇ 41 ಎಂದರು. ಗಿರಾಕಿಗಳನ್ನೇ ಕೇಳಿದರೆ ಶೇ 22. ಅಂಗಡಿಯವರು ಸುಳ್ಳು ಹೇಳಿದ್ದಲ್ಲ. ಕಾರಿನವರು ಜಾಗ ಸಿಗಲಿಲ್ಲವೆಂದು ಗೊಣಗುತ್ತಾರೆ, ನಡೆದು ಬಂದವರು ಸುಮ್ಮನೆ ಸಾಮಾನು ಕೊಂಡು ಹೋಗುತ್ತಾರೆ. ಗೊಣಗಿದ್ದು ನೆನಪಿನಲ್ಲಿ ಉಳಿಯುತ್ತದೆ.

ಹಾಗಾಗಿ ಎರಡನೇ ಸಲ ನಾವು ‘ಏನು ಬೇಕು’ ಎಂದು ಕೇಳುವುದನ್ನು ಬಹುಮಟ್ಟಿಗೆ ಬಿಟ್ಟೆವು. ‘ಇವತ್ತು ಹೇಗೆ ಬಂದಿರಿ? ಎಲ್ಲಿ ಇಳಿದಿರಿ? ಅಲ್ಲಿಂದ ಇಲ್ಲಿಗೆ ಬರುವಾಗ ಎಲ್ಲಿ ಕಷ್ಟವಾಯಿತು? ಎಷ್ಟು ಅಂಗಡಿಗೆ ಹೋದಿರಿ?’ ಎಂದು ಕೇಳಿದೆವು. ಬೇಕು ಎಂಬುದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. ಇವತ್ತು ಮಾಡಿದ್ದನ್ನು ಕೇಳಿದರೆ ನೆನಪು ಮಾಡಿಕೊಂಡು ಹೇಳುತ್ತಾರೆ. ನಮ್ಮ ಹಳೆಯ ಫಾರ್ಮಿನಲ್ಲಿ ‘ಪಾರ್ಕಿಂಗ್ ಹಾಗೂ ಫುಟ್‌ಪಾತ್ ವ್ಯವಸ್ಥೆ ಸುಧಾರಿಸಬೇಕೇ?’ ಎಂಬ ಪ್ರಶ್ನೆಗೆ ಬಹುತೇಕ ಎಲ್ಲರೂ ಹೌದು ಎಂದಿದ್ದರು. ಅದು ಒಂದು ಪ್ರಶ್ನೆಯಲ್ಲ, ಎರಡು. ಅದೂ ಒಂದಕ್ಕೊಂದು ಜಗಳವಾಡುವಂಥವು! ರಸ್ತೆಯ ಅಗಲ ಇರುವಷ್ಟೇ ಇದೆ. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅದನ್ನು ಕೊಟ್ಟರೆ ಕಾಲುದಾರಿಗೆ ಎಷ್ಟು ಉಳಿಯುತ್ತದೆ? ಅದಕ್ಕೇ ಈ ಸಲ ಪೇಟೆಯ ರಸ್ತೆಯನ್ನು ಒಂದು ಹಾಳೆಯಲ್ಲಿ ಬರೆದು, ಕಾರು, ಬೈಕು, ತಳ್ಳುಗಾಡಿ, ಕಾಲುದಾರಿ ಎಂದು ರಟ್ಟಿನ ತುಂಡು ಕತ್ತರಿಸಿ, ‘ನೀವೇ ಹೊಂದಿಸಿ’ ಎಂದು ಕೊಟ್ಟೆವು. ಓದು ಬಾರದವರೂ ಹೊಂದಿಸಿದರು. ಒಬ್ಬ ಮಾಲೀಕರು ಎರಡು ಕಾರಿಟ್ಟು, ಜಾಗ ಸಾಲದೆ ಒಂದು ತೆಗೆದು, ಆಮೇಲೆ ಅದನ್ನೂ ತೆಗೆದು ಬೈಕಿನ ಸಾಲು ಇಟ್ಟರು. ನಮ್ಮ ಇಡೀ ಪ್ರಾಜೆಕ್ಟಿನಲ್ಲಿ ನನಗೆ ಬಹಳ ಇಷ್ಟವಾದ ಐದು ನಿಮಿಷ ಅದು.

ಯಾರನ್ನು ಕೇಳಬೇಕು ಎಂಬುದನ್ನೂ ನಮ್ಮ ಇಷ್ಟಕ್ಕೆ ಬಿಟ್ಟುಕೊಳ್ಳಲಿಲ್ಲ. ಬಿಟ್ಟರೆ ನಗುಮುಖದವರನ್ನು, ನಮ್ಮ ವಯಸ್ಸಿನವರನ್ನೇ ನಿಲ್ಲಿಸುತ್ತೇವೆ. ಒಂದು ಕಡೆ ನಿಂತು, ಎದುರು ಹಾದುಹೋಗುವವರಲ್ಲಿ ಪ್ರತಿ ಹತ್ತನೆಯವರನ್ನು ಕೇಳುವುದು ಎಂದು ನಿಯಮ ಮಾಡಿಕೊಂಡೆವು. ‘ಟೈಮಿಲ್ಲ’ ಎಂದು ಹೋದವರನ್ನೂ ಗೀಟು ಹಾಕಿ ಎಣಿಸಿದೆವು. ಬೆಳಿಗ್ಗೆ ಐದರ ಪಾಳಿ ನನ್ನದಾಗಿತ್ತು. ಹಮಾಲರೊಬ್ಬರು ಮೂಟೆ ಇಳಿಸುತ್ತಲೇ ಉತ್ತರ ಕೊಟ್ಟರು, ನಾನು ಪಕ್ಕದಲ್ಲೇ ಓಡಾಡುತ್ತಾ ಬರೆದುಕೊಂಡೆ.

ಓದು ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇಲ್ಲೊಂದು ಮಾತು. ಪದವಿ ಮುಗಿದ ಮೇಲೆ ಕನ್ಸಲ್ಟೆನ್ಸಿಗಳಲ್ಲಿ ಸರ್ವೆ ಕೆಲಸ ಸಿಗುವುದುಂಟು. ನನ್ನ ದೊಡ್ಡಪ್ಪನ ಮಗ ಕೆಲ ತಿಂಗಳು ಅದನ್ನು ಮಾಡಿದ್ದ. ಫಾರ್ಮಿಗೆ ಇಷ್ಟು ಎಂದು ದುಡ್ಡು, ದಿನಕ್ಕೆ ಇಷ್ಟು ಫಾರ್ಮ್ ಎಂದು ಟಾರ್ಗೆಟ್. ಮಧ್ಯಾಹ್ನದ ಮೇಲೆ ಟೀ ಅಂಗಡಿಯಲ್ಲಿ ಕೂತು ಉಳಿದದ್ದನ್ನು ತಾವೇ ತುಂಬುವವರಿದ್ದರು ಎಂದು ಹೇಳಿದ. ಅವರನ್ನು ಬಯ್ಯುವುದು ಸುಲಭ. ಆದರೆ ಹತ್ತು ಜನರ ಹತ್ತಿರ ಬೈಸಿಕೊಂಡು ಒಂದು ನಿಜವಾದ ಉತ್ತರ ತಂದವನಿಗೂ, ಟೀ ಅಂಗಡಿಯಲ್ಲಿ ಕೂತವನಿಗೂ ಒಂದೇ ದರ ಕೊಟ್ಟರೆ ಇನ್ನೇನಾಗುತ್ತದೆ? ಒಬ್ಬ ಎಂಜಿನಿಯರ್ ಅದೇ ಫಾರ್ಮುಗಳನ್ನು ನಂಬಿ ಚರಂಡಿಯ ಜಾಗ ನಿರ್ಧರಿಸುತ್ತಾನೆ. ಎರಡು ವರ್ಷ ಕಳೆದರೆ ಆ ಎಂಜಿನಿಯರ್ ನಾನೇ ಆಗಿರಬಹುದು.

ಕೇಳಿದವರಿಗೆ ಏನಾಯಿತೆಂದು ತಿಳಿಸುವ ಪದ್ಧತಿಯೂ ನಮ್ಮಲ್ಲಿಲ್ಲ. ‘ಹೋದ ಸಲಾನೂ ಬರಕೊಂಡು ಹೋದ್ರು’ ಎಂಬ ಮಾತನ್ನು ಅಷ್ಟು ಬಾರಿ ಕೇಳಿದ ಮೇಲೆ ನಾವು ಫಲಿತಾಂಶವನ್ನು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಪೇಟೆಯ ಟೀ ಅಂಗಡಿಯ ಗೋಡೆಗೆ ಅಂಟಿಸಿದೆವು. ಶೌಚಾಲಯವೇ ಮೊದಲ ಸಾಲು. ಅಜ್ಜಿಗೆ ಓದಿ ಹೇಳಿದೆ. ಒಂಬತ್ತನೇ ಪ್ರಶ್ನೆ ಎಲ್ಲಿ ಹೋಯಿತು ಎಂದು ಕೇಳಿದರು. ತೆಗೆದಿದ್ದೇನೆ ಎಂದೆ.

ಹಾಳೆ ನೋಡಿ ಮೊದಲು ತಗಾದೆ ತೆಗೆದವರು ಕಿರಾಣಿ ಅಂಗಡಿಯ ಮಾಲೀಕರೊಬ್ಬರು. ‘ಸೋಮವಾರ, ಮಂಗಳವಾರ ನಿಂತು ಎಣಿಸಿದೀರಿ. ಲಗ್ನದ ಸೀಸನ್ನಾಗೆ ಶನಿವಾರ ಸಂಜೆ ಬಂದು ನೋಡ್ರಿ, ಆವಾಗ ಎಷ್ಟು ಕಾರ್ ಬರ್ತಾವೆ ಗೊತ್ತಾಗುತ್ತೆ’ ಎಂದರು. ಅವರು ಹೇಳಿದ್ದು ಸರಿ. ನಮ್ಮ ಎಣಿಕೆಯಲ್ಲಿ ಒಂದೂ ಶನಿವಾರ ಇಲ್ಲ. ರಿಪೋರ್ಟ್ ಸಬ್ಮಿಟ್ ಮಾಡಲು ಇನ್ನೂ ಮೂರು ವಾರವಿದೆ. ಬರುವ ಶನಿವಾರ ಸಂಜೆ ನಾಲ್ಕಕ್ಕೆ ಮತ್ತೆ ಹೊರಟಿದ್ದೇವೆ.