ಕೇರಳದ ಕನಿಷ್ಠ ಅಂಕ ನಿಯಮ ಮತ್ತು ನಮ್ಮ ಮಕ್ಕಳು

ಲಿಖಿತ ಪರೀಕ್ಷೆಯ ಪ್ರತಿಯೊಂದು ವಿಷಯದಲ್ಲೂ ಕನಿಷ್ಠ ಶೇ. 30 ಅಂಕ ಗಳಿಸಬೇಕೆಂದು ಕೇರಳ ಸಚಿವ ಸಂಪುಟವು ತಿರುವನಂತಪುರದಲ್ಲಿ 2024ರಲ್ಲಿ ಕೈಗೊಂಡ ನಿರ್ಧಾರವು 2024-25ರಲ್ಲಿ ಎಂಟನೆಯ ತರಗತಿಯಿಂದ ಜಾರಿಗೆ ಬಂದಿತು. ಎಸ್.ಎಸ್.ಎಲ್.ಸಿ.ಯ ಹಳೆಯ ಕ್ರಮದಲ್ಲಿ ನಿರಂತರ ಮೌಲ್ಯಮಾಪನದ 20 ಅಂಕಗಳು ಪೂರ್ತಿ ದೊರೆತರೆ, ಲಿಖಿತ ಪರೀಕ್ಷೆಯ 80ರಲ್ಲಿ ಕೇವಲ 10 ಪಡೆದರೂ ತೇರ್ಗಡೆ ಸಾಧ್ಯವಿತ್ತು. 2024ರ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇ. 99.69 ಇದ್ದರೂ ಕಲಿಕೆಯ ಗುಣಮಟ್ಟದ ಕುರಿತು ಪ್ರಶ್ನೆಗಳು ಎದ್ದುದು ಈ ಹಿನ್ನೆಲೆಯಲ್ಲಿಯೇ.

ನಿಯಮಕ್ಕಿಂತಲೂ ಅದರ ನಂತರದ ಹೆಜ್ಜೆ ನಮಗೆ ಮುಖ್ಯವೆನಿಸುತ್ತದೆ. 2025ರ ಏಪ್ರಿಲ್‌ನಲ್ಲಿ, ಕನಿಷ್ಠ ಅಂಕ ತಲಪದ ಎಂಟನೆಯ ತರಗತಿಯ ಮಕ್ಕಳಿಗೆ ಆಯಾ ವಿಷಯದಲ್ಲಿ ವಿಶೇಷ ತರಗತಿಗಳನ್ನು ನಡೆಸಿ ಮರುಪರೀಕ್ಷೆ ಏರ್ಪಡಿಸಲಾಯಿತು. ಕ್ರಮ ಸ್ವಾಗತಾರ್ಹ, ಆದರೆ ವರ್ಷವಿಡೀ ಉಳಿದ ಕೊರತೆಯನ್ನು ಕೆಲವೇ ದಿನಗಳಲ್ಲಿ ತುಂಬುವುದು ಸುಲಭವಲ್ಲ. ಓಣಂ ಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡಿಯೇ ಶಿಕ್ಷಕರು ತಪ್ಪಿನ ಮೂಲವನ್ನು ಗುರುತಿಸಿ ಪಾಠವನ್ನು ತಿದ್ದಿಕೊಂಡರೆ ಏಪ್ರಿಲ್‌ನ ಹೊರೆ ತಾನಾಗಿಯೇ ಇಳಿಯುತ್ತದೆ.

ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದರಲ್ಲಿ ಇನ್ನೊಂದು ಅಂಶವೂ ಇದೆ. ಮನೆಯಲ್ಲಿ ಕನ್ನಡವಾಡುವ ಮಗು ಮಲೆಯಾಳ ಮಾಧ್ಯಮದಲ್ಲಿ ಗಣಿತದ ಲೆಕ್ಕ ತಪ್ಪಿದಾಗ, ಅದಕ್ಕೆ ಗುಣಾಕಾರ ಬಾರದೋ ಅಥವಾ ಪ್ರಶ್ನೆಯ ವಾಕ್ಯವೇ ಅರ್ಥವಾಗಲಿಲ್ಲವೋ? ಅಂಕ ಅದನ್ನು ಹೇಳದು. ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಮಗುವನ್ನೇ ಕೇಳಬೇಕು. ಆದ್ದರಿಂದ ಪಾಲಕರ ಸಭೆಯಲ್ಲಿ "ಎಷ್ಟು ಬಂತು" ಎಂದು ವಿಚಾರಿಸುವ ನಾವು, "ಎಲ್ಲಿ ತಪ್ಪಿತು, ಮುಂದೇನು ಮಾಡುವಿರಿ" ಎಂದೂ ಶಿಕ್ಷಕರನ್ನು ವಿನಯದಿಂದ ಕೇಳುವುದು ಒಳಿತು.