ಕೈಗುಣಕ್ಕೂ ಒಂದು ಲೆಕ್ಕ

ಆಪರೇಷನ್ ಎಂದ ಕೂಡಲೇ ಮನೆಮಂದಿ ಮೊದಲು ವಿಚಾರಿಸುವುದು ಸರ್ಜನ್ ಕೈಗುಣ ಹೇಗೆ ಎಂದು. ಡಿಗ್ರಿ ಎಲ್ಲಿಯದು, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಎಂಬುದೆಲ್ಲ ಆಮೇಲಿನ ಮಾತು. ಡೊಂಬಿವಲಿಯಾಗಲಿ ಕಾಚಿಗುಡವಾಗಲಿ, ಪಕ್ಕದ ಮನೆಯವರ ಭಾವನಿಗೆ ಹರ್ನಿಯಾ ಮಾಡಿದವರು ಯಾರು, ಅವರು ಎಷ್ಟು ದಿನಕ್ಕೆ ಎದ್ದು ಓಡಾಡಿದರು ಎಂಬ ಸುದ್ದಿಯ ಮೇಲೆಯೇ ನಿರ್ಧಾರ ಆಗುತ್ತದೆ. ಓದಿದವರು ಇದನ್ನು ಕೇಳಿ ನಗುವುದುಂಟು. ನಗಬೇಕಾಗಿಲ್ಲ. ಕೈಗುಣ ಎಂಬುದು ನಿಜಕ್ಕೂ ಇದೆ. ಅದನ್ನು ಅಳೆದು ನೋಡಿದವರೂ ಇದ್ದಾರೆ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬೊಜ್ಜಿನ ರೋಗಿಗಳಿಗೆ ಲ್ಯಾಪ್ರೊಸ್ಕೋಪಿಯಲ್ಲಿ ಜಠರದ ಬೈಪಾಸ್ ಮಾಡುವ 20 ಸರ್ಜನ್‌ಗಳು ತಮ್ಮದೊಂದು ಆಪರೇಷನ್ನಿನ ವಿಡಿಯೊ ಕೊಟ್ಟರು. ಮಾಡಿದವರು ಯಾರೆಂದು ತಿಳಿಯದಂತೆ ಅದೇ ಕಸುಬಿನ ಕನಿಷ್ಠ ಹತ್ತು ಮಂದಿ ಪ್ರತಿ ವಿಡಿಯೊ ನೋಡಿ 1ರಿಂದ 5ರವರೆಗೆ ಅಂಕ ಹಾಕಿದರು. ಅಂಗಾಂಶವನ್ನು ಎಷ್ಟು ಮೃದುವಾಗಿ ಹಿಡಿಯುತ್ತಾರೆ, ವ್ಯರ್ಥ ಚಲನೆ ಎಷ್ಟು, ಉಪಕರಣದ ಮೇಲೆ ಹಿಡಿತ ಹೇಗಿದೆ, ಇಂಥವು ಅಂಕದ ಆಧಾರ. ಜಾನ್ ಬರ್ಕ್‌ಮೇಯರ್ ಮತ್ತು ಸಂಗಡಿಗರು ಆ ಅಂಕಗಳನ್ನು ಅದೇ ಸರ್ಜನ್‌ಗಳ ರೋಗಿಗಳ ದಾಖಲೆಯ ಪಕ್ಕದಲ್ಲಿಟ್ಟು 2013ರಲ್ಲಿ ಪ್ರಕಟಿಸಿದರು. ಅಂಕದಲ್ಲಿ ಕೊನೆಯ ಕಾಲುಭಾಗದಲ್ಲಿದ್ದವರ ರೋಗಿಗಳಲ್ಲಿ ಶೇ. 14.5 ಮಂದಿಗೆ ತೊಡಕುಗಳಾಗಿದ್ದವು. ಮೇಲಿನ ಕಾಲುಭಾಗದವರಲ್ಲಿ ಶೇ. 5.2. ಸಾವಿನ ಪ್ರಮಾಣ ಶೇ. 0.26 ಮತ್ತು ಶೇ. 0.05. ಎಲ್ಲರೂ ಅರ್ಹತೆ ಪಡೆದವರೇ, ಎಲ್ಲರೂ ಆ ಕೆಲಸವನ್ನೇ ಮಾಡಿಕೊಂಡಿದ್ದವರೇ. ಅಜ್ಜಿಯರು ಹೇಳುತ್ತಿದ್ದುದರಲ್ಲಿ ಹುರುಳಿತ್ತು.

ಆದರೆ ಯಾರ ಕೈಯೂ ಹುಟ್ಟುತ್ತಲೇ ಪಳಗಿರುವುದಿಲ್ಲ. ಪಳಗುವ ದಾರಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಪಿತ್ತಕೋಶದ ಲ್ಯಾಪ್ರೊಸ್ಕೋಪಿಗಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಭಾರತದಲ್ಲಿ ಈ ವಿಧಾನದಿಂದ ಪಿತ್ತಕೋಶ ತೆಗೆದ ಮೊದಲ ಆಪರೇಷನ್ ಆದದ್ದು 1990ರಲ್ಲಿ, ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ತೆಹೆಮ್ಟನ್ ಉದ್ವಾಡಿಯಾ ಅವರ ಕೈಯಲ್ಲಿ. ಹೊಟ್ಟೆಯಲ್ಲಿ ದೊಡ್ಡ ಗಾಯವಿಲ್ಲ, ಒಂದೆರಡು ದಿನದಲ್ಲಿ ಮನೆಗೆ. ಹೊಸ ವಿದ್ಯೆ ಕೆಲವೇ ವರ್ಷಗಳಲ್ಲಿ ಜಗತ್ತಿನ ತುಂಬ ಹರಡಿತು. ಜೊತೆಗೆ ಒಂದು ಅಪಾಯವೂ ಹರಡಿತು: ಪಿತ್ತಕೋಶದ ಸಣ್ಣ ನಾಳವೆಂದು ಭ್ರಮಿಸಿ ಯಕೃತ್ತಿನಿಂದ ಇಳಿಯುವ ಮುಖ್ಯ ಪಿತ್ತನಾಳವನ್ನೇ ಕತ್ತರಿಸುವುದು. ಹಾಗಾದರೆ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತದೆ, ಇಲ್ಲವೇ ದಾರಿ ಕಟ್ಟಿ ಕಾಮಾಲೆಯಾಗುತ್ತದೆ. ಎರಡು ದಿನದ ಕೆಲಸಕ್ಕೆಂದು ಬಂದವರು ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆಯುತ್ತಾರೆ.

ಅಮೆರಿಕದ ದಕ್ಷಿಣ ರಾಜ್ಯಗಳ ಸರ್ಜನ್‌ಗಳು ಕೂಡಿ 1,518 ಇಂಥ ಆಪರೇಷನ್ನುಗಳ ಲೆಕ್ಕವನ್ನು 1991ರಲ್ಲಿ ಬಹಿರಂಗಪಡಿಸಿದರು. ಪ್ರತಿ ತಂಡದ ಮೊದಲ 13 ರೋಗಿಗಳಲ್ಲಿ ಪಿತ್ತನಾಳದ ಗಾಯ ಶೇ. 2.2, ಆಮೇಲಿನವರಲ್ಲಿ ಶೇ. 0.1. 1995ರಲ್ಲಿ 55 ಸರ್ಜನ್‌ಗಳ ಇನ್ನೊಂದು ಅಧ್ಯಯನದಲ್ಲಿ, ಆದ ಗಾಯಗಳಲ್ಲಿ ಶೇ. 90 ಪ್ರತಿಯೊಬ್ಬರ ಮೊದಲ 30 ಆಪರೇಷನ್ನುಗಳಲ್ಲೇ ಆಗಿದ್ದವು. ಹದಿನಾಲ್ಕನೆಯ ರೋಗಿ ಪಡೆದ ಸುರಕ್ಷತೆಗೆ ಮೊದಲ ಹದಿಮೂರು ಮಂದಿ ಬೆಲೆ ತೆತ್ತಿದ್ದರು. ಆ ಹದಿಮೂರು ಮಂದಿಗೆ ತಮ್ಮ ಕ್ರಮಸಂಖ್ಯೆ ಗೊತ್ತಿತ್ತೇ ಎಂಬುದು ಬೇರೆ ಪ್ರಶ್ನೆ.

ಭಾರತದಲ್ಲಿ ಆ ಸಾಲಿನ ಮುಂದೆ ನಿಲ್ಲುವವರು ಹೆಚ್ಚಾಗಿ ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನವರು. ಇದನ್ನು ಅನ್ಯಾಯ ಎಂದಷ್ಟೇ ಹೇಳಿ ಮುಗಿಸುವುದು ಸುಲಭ. ಕಲಿಕೆ ನಡೆಯುವ ಆಸ್ಪತ್ರೆಗೆ ತನ್ನದೇ ಬಲವೂ ಇದೆ. ಮಿಷಿಗನ್ನಿನ ಅಮೀರ್ ಘಫೇರಿ ಮತ್ತು ಸಂಗಡಿಗರು 2009ರಲ್ಲಿ ಅಮೆರಿಕದ ಆಸ್ಪತ್ರೆಗಳನ್ನು ಸಾವಿನ ಪ್ರಮಾಣದ ಪ್ರಕಾರ ವಿಂಗಡಿಸಿ ನೋಡಿದಾಗ ವಿಚಿತ್ರವೊಂದು ಕಂಡಿತು. ಸಾವು ತೀರ ಹೆಚ್ಚಿರುವಲ್ಲಿಯೂ ತೀರ ಕಡಿಮೆಯಿರುವಲ್ಲಿಯೂ ಆಪರೇಷನ್ ನಂತರದ ತೊಡಕುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ದೊಡ್ಡ ತೊಡಕು ಬಂದ ಮೇಲೆ ಒಳ್ಳೆಯ ಆಸ್ಪತ್ರೆಯಲ್ಲಿ ಶೇ. 12.5 ಮಂದಿ ಸತ್ತರೆ, ಕೆಟ್ಟ ಆಸ್ಪತ್ರೆಯಲ್ಲಿ ಶೇ. 21.4 ಮಂದಿ ಸತ್ತಿದ್ದರು. ಅಂದರೆ ರಾತ್ರಿ ಎರಡು ಗಂಟೆಗೆ ನಾಡಿ ಏರಿದ್ದನ್ನು, ಹೊಟ್ಟೆ ಬಿಗಿದದ್ದನ್ನು ಯಾರಾದರೂ ಗಮನಿಸಿ ಹಿರಿಯರನ್ನು ಎಬ್ಬಿಸುತ್ತಾರೋ ಇಲ್ಲವೋ ಎಂಬುದರಲ್ಲಿ ಪ್ರಾಣ ನಿಂತಿದೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಹೊತ್ತಿಗೆ ಎಚ್ಚರವಿರುವವರು ಪಿಜಿ ವಿದ್ಯಾರ್ಥಿಗಳೇ. ಸಂಜೆಯಾದರೆ ಡ್ಯೂಟಿ ಡಾಕ್ಟರ್ ಒಬ್ಬರೇ ಉಳಿಯುವ ಎಷ್ಟೋ ನರ್ಸಿಂಗ್ ಹೋಮುಗಳಲ್ಲಿ ಹಣ ಕೊಟ್ಟರೂ ಅದು ಸಿಗುವುದಿಲ್ಲ.

ಆ ಎಚ್ಚರಕ್ಕೂ ಮಿತಿ ಬೇಕು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು ಎಂದಿದೆ. ಅದನ್ನು ಜಾರಿ ಮಾಡುವುದು ಮನುಷ್ಯತ್ವದ ವಿಷಯ, ಅಧ್ಯಯನಕ್ಕೆ ಕಾಯಬೇಕಿಲ್ಲ.

ಕಾಯದೆ ಆಗಬೇಕಾದ ಇನ್ನೊಂದು ಕೆಲಸ ಲಾಗ್‌ಬುಕ್ಕಿನದು. ಎಂ.ಎಸ್. ಮಾಡುವ ಮೂರು ವರ್ಷವೂ ಪ್ರತಿ ಪಿಜಿ ತಾನು ನೋಡಿದ್ದು, ಸಹಾಯ ಮಾಡಿದ್ದು, ಹಿರಿಯರ ಎದುರು ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು ಎಂದು ಆಪರೇಷನ್ನುಗಳನ್ನು ಬರೆದಿಡಬೇಕು. ಅಪೆಂಡಿಕ್ಸ್ ಇಷ್ಟು, ಹರ್ನಿಯಾ ಇಷ್ಟು. ಆ ರೋಗಿ ತಿಂಗಳ ನಂತರ ಹೇಗಿದ್ದಾರೆ ಎಂಬುದು ಈ ಎಣಿಕೆಯಲ್ಲಿ ಬರುವುದಿಲ್ಲ. ಐದನೆಯ ದಿನ ಡಿಸ್ಚಾರ್ಜ್ ಆದವರಿಗೆ ಒಂಬತ್ತನೆಯ ದಿನ ಹೊಲಿಗೆಯಲ್ಲಿ ಕೀವು ಕಾಣಿಸಿಕೊಂಡರೆ, ಅವರು ಬಸ್ಸಿನ ದುಡ್ಡು ಹೊಂದಿಸಿಕೊಂಡು ವಾಪಸು ಬರುವುದಕ್ಕಿಂತ ಊರಿನ ಡಾಕ್ಟರರ ಹತ್ತಿರ ಹೋಗುವುದೇ ಹೆಚ್ಚು. ಅಫಜಲಪುರದವರು ಸೊಲ್ಲಾಪುರಕ್ಕೆ, ರಾಯಬಾಗದವರು ಮಿರಜಿಗೆ, ಬೀದರಿನವರು ಹೈದರಾಬಾದಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳುವುದು ವಾಡಿಕೆ. ಗಾಯ ಬಾಯಿಬಿಟ್ಟದ್ದು ರಾಯಬಾಗದಲ್ಲಿ, ಲಾಗ್‌ಬುಕ್ ಇರುವುದು ಮಿರಜಿನಲ್ಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ಕಡ್ಡಾಯ ಸೇವೆಯ ಕೊನೆಯ ವಾರಗಳಲ್ಲಿ ಕತ್ತಿ ಹಿಡಿದ ಪಿಜಿಯಂತೂ, ರೋಗಿ ಹಿಂತಿರುಗಿ ಬಂದರೂ ಅಲ್ಲಿರುವುದಿಲ್ಲ. ತನ್ನ ಕೈ ಹೇಗಿದೆ ಎಂದು ತಿಳಿಯುವ ಒಂದೇ ದಾರಿ ಅವರ ಪಾಲಿಗೆ ಮುಚ್ಚಿಹೋಗಿರುತ್ತದೆ.

ಮೂವತ್ತು ದಿನದವರೆಗೆ ಲೆಕ್ಕ ಇಟ್ಟರೆ ಏನು ಸಿಗುತ್ತದೆ ಎಂಬುದನ್ನು ಭಾರತವೂ ಸೇರಿ ಏಳು ದೇಶಗಳ 81 ಆಸ್ಪತ್ರೆಗಳು 2022ರಲ್ಲಿ ತೋರಿಸಿದವು. ಹೊಟ್ಟೆಯ ಆಪರೇಷನ್ ಆದ 13,301 ರೋಗಿಗಳು. ಗಾಯ ಮುಚ್ಚುವ ಮೊದಲು ಕೈಗವಸನ್ನೂ ಉಪಕರಣಗಳನ್ನೂ ಬದಲಾಯಿಸಿದ ಆಸ್ಪತ್ರೆಗಳಲ್ಲಿ ಗಾಯದ ಸೋಂಕು ಶೇ. 16.0; ಎಂದಿನಂತೆ ಮಾಡಿದಲ್ಲಿ ಶೇ. 18.9. ಯಂತ್ರವಿಲ್ಲ, ಹೊಸ ಔಷಧವಿಲ್ಲ, ಎರಡನೆಯ ಜೊತೆ ಕೈಗವಸು ಮತ್ತು ಶುದ್ಧ ಉಪಕರಣಗಳ ಇನ್ನೊಂದು ಟ್ರೇ. ಡಿಸ್ಚಾರ್ಜ್ ದಿನಕ್ಕೇ ಪುಸ್ತಕ ಮುಚ್ಚಿದ್ದರೆ ಈ ಸೋಂಕಿನಲ್ಲಿ ಎಷ್ಟೋ ಪಾಲು ಕಣ್ಣಿಗೇ ಬೀಳುತ್ತಿರಲಿಲ್ಲ.

ಈ ವಿಚಾರ ಹೊಸದೂ ಅಲ್ಲ. ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ನೂರು ವರ್ಷಗಳ ಹಿಂದೆಯೇ ಪ್ರತಿ ರೋಗಿಗೊಂದು ಕಾರ್ಡ್ ಮಾಡಿ, ಆಪರೇಷನ್ನಿನ ಅಂತಿಮ ಫಲ ಏನಾಯಿತು, ಕೈಕೊಟ್ಟದ್ದು ಎಲ್ಲಿ ಎಂದು ಬರೆದಿಡಬೇಕೆಂದು ಹಟ ಹಿಡಿದರು. ದೊಡ್ಡ ಆಸ್ಪತ್ರೆ ಒಪ್ಪಲಿಲ್ಲ. 1914ರಲ್ಲಿ ಅದನ್ನು ಬಿಟ್ಟರು. ತಮ್ಮದೇ ಪುಟ್ಟ ಆಸ್ಪತ್ರೆಯ 337 ರೋಗಿಗಳ ಲೆಕ್ಕವನ್ನೂ ಅದರಲ್ಲಿನ 123 ತಪ್ಪುಗಳನ್ನೂ ಅಚ್ಚು ಹಾಕಿಸಿದರು. ಕಸುಬಿನವರು ದೂರವಾದರು. 1940ರಲ್ಲಿ ತೀರಿಕೊಂಡವರ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2014ರಲ್ಲಿ.

ಲೆಕ್ಕ ಇಟ್ಟರೆ ಸರ್ಜನ್‌ಗಳು ಕಷ್ಟದ ರೋಗಿಗಳನ್ನು ಮುಟ್ಟಲಿಕ್ಕಿಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ವಾರ್ಡಿಗೆ ನುಗ್ಗಿ ಡಾಕ್ಟರ ಮೇಲೆ ಕೈಮಾಡುವ ದೇಶದಲ್ಲಿ ಹೆಸರು ಸಮೇತ ಪಟ್ಟಿ ತೂಗುಹಾಕಬೇಕೆಂದು ಯಾರೂ ಹೇಳಬಾರದು. ಕರುಳು ತೂತಾಗಿ ಮೂರು ದಿನ ಕಳೆದು ಬಂದವರನ್ನೂ ಮೊದಲೇ ದಿನ ಗೊತ್ತುಮಾಡಿ ಕರೆಸಿದ ಹರ್ನಿಯಾವನ್ನೂ ಒಂದೇ ತಕ್ಕಡಿಯಲ್ಲಿ ತೂಗಲೂಬಾರದು. ಪಿಜಿ, ಗೈಡ್ ಮತ್ತು ಯೂನಿಟ್ ನೋಡಿದರೆ ಸಾಕು. ತಿಂಗಳ ಮೀಟಿಂಗಿನಲ್ಲಿ ಸತ್ತವರ ಜೊತೆ ಬದುಕಿ ನರಳಿದವರ ಮಾತೂ ಬರಲಿ.

ಇದನ್ನು ಪಿಜಿಗಳ ತಲೆಗೇ ಕಟ್ಟಿದರೆ ಮಾತ್ರ ಲಾಗ್‌ಬುಕ್ ಎರಡೇ ತಿಂಗಳಲ್ಲಿ ಸುಳ್ಳಿನ ಕಂತೆಯಾಗುತ್ತದೆ. ಪ್ರತಿ ಯೂನಿಟ್ಟಿಗೂ ಒಬ್ಬ ಗುಮಾಸ್ತ ಅಥವಾ ನರ್ಸ್, ಒಂದು ಫೋನು, ಡಿಸ್ಚಾರ್ಜ್ ಕಾರ್ಡಿನಲ್ಲಿ ಮನೆಯವರಿಬ್ಬರ ನಂಬರು. ಸೊಲ್ಲಾಪುರದಲ್ಲಿ ಆ ಕೆಲಸಕ್ಕೆ ಕೂರುವವರಿಗೆ ಮರಾಠಿಯ ಜೊತೆ ಕನ್ನಡ ಬರಬೇಕು, ಹೈದರಾಬಾದಿನಲ್ಲಿ ತೆಲುಗು, ಉರ್ದುವಿನ ಜೊತೆ. ಕೇಳಬೇಕಾದ್ದು ನಾಲ್ಕೇ: ಗಾಯ ಒಣಗಿತೇ, ಕೀವು ಅಥವಾ ಜ್ವರ ಬಂತೇ, ಮತ್ತೆ ಎಲ್ಲಾದರೂ ಆಸ್ಪತ್ರೆ ಸೇರಿದಿರಾ, ಕೆಲಸಕ್ಕೆ ಹೋಗುತ್ತಿದ್ದೀರಾ. ಉತ್ತರ ನೇರವಾಗಿ ಆ ಪಿಜಿಯ ಲಾಗ್‌ಬುಕ್ಕಿಗೆ ಹೋಗಲಿ. ಅಂತಿಮ ಪರೀಕ್ಷೆಯಲ್ಲಿ ಎಷ್ಟು ಮಾಡಿದ್ದೀರಿ ಎಂದು ಕೇಳುವ ಪರೀಕ್ಷಕರು, ಅವರಲ್ಲಿ ಎಷ್ಟು ಮಂದಿಗೆ ಕೀವಾಯಿತು, ಆಮೇಲೆ ಏನು ಬದಲಾಯಿಸಿಕೊಂಡಿರಿ ಎಂದೂ ಕೇಳಲಿ.